ಅರಿಬಿ ಮುಟ್ಟದ ಒಂದು ದಿನ

ಎಲ್ಲ ರಾಡಿಗೂ ಮೂಲ ಚಿಮ್ಮಡದ ಒಂದು ಮದುವೆ. ಅಕ್ಷತೆ ಹಾಕಿದವರೆಲ್ಲ ಮದುಮಗಳಿಗೆ "ಛಲೋ ಬಾಳ್ವೆ ಮಾಡವ್ವ" ಅಂತ ಹರಸಿ ಊಟದ ಪಂಕ್ತಿಗೆ ಓಡುತ್ತಿದ್ದರು. ರಬಕವಿಯ ಸೀರೆ ವ್ಯಾಪಾರಿ ಪರಮಾನಂದ ಮಾತ್ರ ಹರಸಲು ಎತ್ತಿದ ಕೈಯನ್ನು ಹಾಗೇ ಕೆಳಗಿಳಿಸಿದ. ಮದುಮಗಳ ಸೆರಗನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದ. ಮೈಕಿನ ಮುಂದೆಯೇ ಹೇಳಿಬಿಟ್ಟ: "ಇದನ್ನ ರೇಷ್ಮಿ ಅಂತ ಯಾರ ಹೇಳಿದ್ರಿ? ಟೋಪಿ ಹಾಕ್ಯಾರ ನಿಮಗ!"

ಸೀರೆ ತಂದವರು ಗಂಡಿನ ಕಡೆಯವರು. ಹೆಣ್ಣಿನ ಕಡೆಯವರು ಅವರ ಮುಖ ನೋಡಿದರು. ಆಮೇಲಿನ ಗದ್ದಲದಲ್ಲಿ ಗೋಧಿ ಹುಗ್ಗಿ ತಣ್ಣಗಾಯಿತು, ಮದುವೆಯೊಂದು ಹೇಗೋ ಉಳಿಯಿತು.

ಪರಮಾನಂದ ಕೆಟ್ಟ ಮನುಷ್ಯನಲ್ಲ, ಅವನ ಕೈ ಕೆಟ್ಟದ್ದು. ಅಪ್ಪನ ಕಾಲದಿಂದ ಸೀರೆ ಮುಟ್ಟಿ ಮುಟ್ಟಿ ಅದಕ್ಕೆ ಚಟ ಹತ್ತಿತ್ತು: ಯಾವ ಬಟ್ಟೆ, ಆ ಕಡೆಯವರ ಮಾತಿನಲ್ಲಿ ಅರಿಬಿ, ಕಂಡರೂ ಉಜ್ಜಿ ನೋಡಬೇಕು. ಬಸ್ಸಿನಲ್ಲಿ ಮುಂದೆ ಕೂತವರ ಶಾಲನ್ನು ಬಿಡುತ್ತಿರಲಿಲ್ಲ. ಮಣ್ಣಿಗೆ ಹೋದಲ್ಲಿ ಹೆಣಕ್ಕೆ ಹೊದಿಸಿದ್ದನ್ನೂ ಬಿಟ್ಟವನಲ್ಲ ಪುಣ್ಯಾತ್ಮ.

ಹೆಂಡತಿ ಶೈಲಾ ಚಿಮ್ಮಡದಿಂದ ಮನೆ ಮುಟ್ಟುವವರೆಗೆ ತುಟಿ ಬಿಚ್ಚಲಿಲ್ಲ. ಬಾಗಿಲು ಹಾಕಿದ ಮೇಲೆ ಬಿಚ್ಚಿದಳು.

"ಮದಿವಿ ಆದಾಗಿಂದ ನೀವು ನನಗ ತೋರ್ಸಿದ ಊರು ಯಾವ್ಯಾವ್ರಿ? ಇಚಲಕರಂಜಿ, ಸೋಲಾಪುರ, ಸೂರತ್ತು. ಅಲ್ಲಿ ನೋಡಿದ್ದೇನು? ಗೋದಾಮು! ಮಗಳು ಕಾರವಾರದಾಗ ನಮಗೊಂದು ಹೋಟೆಲ್ ಬುಕ್ ಮಾಡ್ಯಾಳ. ಅಲ್ಲಿ ಒಂದ ದಿನ, ಮುಂಜಾನಿಂದ ದೀಪ ಹಚ್ಚೂ ತನಕ, ನೀವು ಅರಿಬಿ ಮುಟ್ಟಬಾರದು, ಅರಿಬಿ ಮಾತ ಎತ್ತಬಾರದು. ಹಂಗ ಇದ್ರ ಸೋಮವಾರ ಜಮಖಂಡಿಗೆ ಬಂದು ಸಹಿ ಮಾಡ್ತೇನಿ. ಇಲ್ಲಂದ್ರ ಸೈಟಿನ ಹೆಸರು ಎತ್ತಬ್ಯಾಡ್ರಿ."

ಸೈಟು ಅಂದಕೂಡಲೇ ಪರಮಾನಂದನ ಕಿವಿ ನೆಟ್ಟಗಾಯಿತು. ಬನಹಟ್ಟಿಯ ಮೇನ್ ರೋಡಿಗೆ ಹತ್ತಿದ ಆ ಜಾಗ ಶೈಲಾಳಿಗೆ ಅವಳಪ್ಪ ಬಿಟ್ಟುಹೋದದ್ದು. ರಬಕವಿಯ ಸಂದಿಯೊಳಗಿದ್ದ ಪರಮಾನಂದನ ಅಂಗಡಿಗೆ ಒಂದು ಎಮ್ಮೆ ಅಡ್ಡ ನಿಂತರೆ ಅವತ್ತಿನ ವ್ಯಾಪಾರ ಮುಗಿಯಿತು. ಮೇನ್ ರೋಡಿನ ಮೇಲೆ ಗಾಜಿನ ಬಾಗಿಲಿನ ಶೋರೂಮು ಕಟ್ಟಬೇಕು, ಬಾಗಿಲ ಮೇಲೆ ತನ್ನ ಹೆಸರು ರಾತ್ರಿ ಹೊತ್ತು ಮಿಂಚಬೇಕು: ಇದೊಂದೇ ಅವನ ಆಸೆ. ಅದಕ್ಕೆ ಜಾಗ ಅವನ ಹೆಸರಿಗೆ ಆಗಬೇಕು, ಜಮಖಂಡಿಯ ನೋಂದಣಿ ಕಚೇರಿಯಲ್ಲಿ ಆಕೆಯ ಸಹಿ ಬೇಕು.

"ಒಂದ ದಿನ ಅಲ್ಲೇನು? ಕೈ ಕಟ್ಟಿ ಕುಂಡ್ರತೇನಿ, ತಗೋ," ಎಂದ.

ಹೋಟೆಲಿನ ಹೆಸರು 'ದೋಣಿಮನೆ'. ಬಂದರಿನ ಮಗ್ಗುಲಲ್ಲೇ ಇತ್ತು. ರಾತ್ರಿ ಬಸ್ಸು ಹತ್ತಿದವರು ಮುಂಜಾನೆ ಅಲ್ಲಿ ಇಳಿದರು. "ದೋಣಿಮನಿ ಅಂದ್ರ ನಮ್ಮ ಕಡಿ ಅಡ್ಡಹೆಸರಲ್ಲೇನ?" ಅಂತ ಪರಮಾನಂದ ನಕ್ಕ. ಒಳಗೆ ಹೋದರೆ ಗೋಡೆಗೆ ಗಿಲಾವು ಇಲ್ಲ, ನೆಲದಲ್ಲಿ ಒಂದು ಒಡಕು ದೋಣಿ, ಅದರ ಮೇಲೆ ಗಾಜು, ಗಾಜಿನ ಮೇಲೆ ಚಹಾದ ಕಪ್ಪು.

"ಕಟ್ಟೂದು ಇನ್ನೂ ಮುಗಿದಿಲ್ಲೇನ್ರಿ?"

"ಇದೇ ಡಿಸೈನ್ ಸರ್," ಎಂದ ಮ್ಯಾನೇಜರ್ ಪ್ರೇಮಕುಮಾರ. ತೆಳ್ಳಗಿನ ಹುಡುಗ, ಬಾಯಲ್ಲಿ ಸದಾ ನಗು. ಕೀಲಿ ಕೊಡುತ್ತಲೇ ಶುರು ಮಾಡಿದ: "ನಮ್ಮಲ್ಲಿ ಹೊದಿಕೆಯಿಂದ ಹಿಡಿದು ಪರದೆವರೆಗೆ ಎಲ್ಲಾ ಶುದ್ಧ ಹತ್ತಿ ಸರ್. ಕೈಮಗ್ಗದ್ದು. ಮುಟ್ಟಿ ನೋಡಿ ಸರ್!"

ಪರಮಾನಂದನ ಬಲಗೈ ಹಸಿದ ಕರುವಿನ ಹಾಗೆ ಪರದೆಯ ಕಡೆ ಹೊರಟಿತು.

"ಕೈ!" ಎಂದಳು ಶೈಲಾ.

ಕೈ ಕಿಸೆಯೊಳಗೆ ಹೋಯಿತು. "ಸಮುದ್ರ ಎಲ್ಲೈತ್ರಿ?" ಅಂತ ಕೇಳಿದ ಪರಮಾನಂದ, ಕಿಟಕಿಯ ತುಂಬ ಸಮುದ್ರವೇ ಕಾಣುತ್ತಿದ್ದರೂ.

ಕೋಣೆ ಸೇರಿದ ಮೇಲೆ ಶೈಲಾ ಕೈಚೀಲ ತಗೊಂಡು ಎದ್ದಳು. "ಮೀನಿನ ಊರು. ನಮ್ಮ ಪಲ್ಯಾ ಯಾವ ಬೋಗುಣಿಯಾಗ ಮಾಡ್ತಾರೋ ಏನೋ. ಆ ಮ್ಯಾನೇಜರ್ ಹುಡುಗನ್ನ ಕರಕೊಂಡು ಅಡಗಿಮನಿ ನೋಡಿ ಬರ್ತೇನಿ. ನಿಮ್ಮ ಕೈ ನಿಮ್ಮ ಕಡೆ ಇರ್ಲಿ."

ಕೋಣೆಯಲ್ಲಿ ಅವನೂ ಮಂಚವೂ ಉಳಿದವು. ಮಂಚದ ಮೇಲೆ ನೀಲಿ ಹೊದಿಕೆ. ದೂರದಿಂದ ನೋಡಿದರೆ ಹತ್ತಿ. ಆದರೆ ಕಿಟಕಿಯ ಬೆಳಕು ಬಿದ್ದಲ್ಲಿ ಒಂದು ಸಣ್ಣ ಮಿಂಚು. ಹತ್ತಿ ಹಾಗೆ ಮಿಂಚುವುದುಂಟೆ? ಪರಮಾನಂದ ಗೋಡೆ ಕಡೆ ತಿರುಗಿ ಕೂತ. ಗೋಡೆಯ ಮೇಲೂ ಒಂದು ಅರಿಬಿ ತೂಗುಹಾಕಿದ್ದರು. ಇನ್ನು ಇಲ್ಲಿದ್ದರೆ ಕೆಟ್ಟೆ ಅಂದುಕೊಂಡು ಕೆಳಗಿನ ಪಡಸಾಲೆಗೆ ಓಡಿದ.

ಅಲ್ಲಿ ಬೆತ್ತದ ಕುರ್ಚಿ ತುಂಬ ಒಬ್ಬರು ಕೂತಿದ್ದರು. ದಪ್ಪ ಮೀಸೆ, ಬಿಳಿ ಪೈಜಾಮ, ಊರಿಗೆಲ್ಲ ಕೇಳುವ ದನಿ.

"ಏ, ರಬಕವಿ ಸೀರಿ ಪರಮಾನಂದ ಸಾಹುಕಾರ್ರಲ್ಲ? ನಾ ಬಾಳಾಸಾಹೇಬ್ರಿ, ಮುಧೋಳದವ. ಮಗಳ ಮದಿವಿ ಜವಳಿ ನಿಮ್ಮಲ್ಲೇ ತಗೊಂಡಿದ್ದೆ. ದೇವರು ಬಂದಂಗ ಬಂದ್ರಿ ನೋಡ್ರಿ! ಹೊಸಾ ಬಂಗ್ಲೆ ಕಟ್ಟಾಕತ್ತೇನಿ. ಈ ಪಡದಾ ನೋಡ್ರಿ, ಇಂಥಾವು ಹಾಕ್ಸಬೇಕಂತೇನಿ. ಹೆಂಗದಾವ? ಒಂದ ಸಲ ಮುಟ್ಟಿ ಹೇಳ್ರಿ."

ಅದೇ ಹೊತ್ತಿಗೆ ಅಡುಗೆಮನೆ ಬಾಗಿಲಲ್ಲಿ ಶೈಲಾ, ಅವಳ ಹಿಂದೆ ಪ್ರೇಮಕುಮಾರ.

ಪರಮಾನಂದ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನನಗ ಅರಿಬಿ ಬಗ್ಗೆ ಏನೂ ತಿಳಿಯೂದಿಲ್ಲರಿ."

ಬಾಳಾಸಾಹೇಬರ ಮೀಸೆ ನಿಂತಲ್ಲೇ ನಿಂತಿತು. "ಏನಂದ್ರಿ?"

"ಸಮುದ್ರ ಭಾಳ ಛಲೋ ಐತ್ರಿ ಇಲ್ಲಿ. ಉಪ್ಪ ಸ್ವಲ್ಪ ಜಾಸ್ತಿ."

ಶೈಲಾ ನಗು ತಡೆಯುತ್ತ ಮತ್ತೆ ಒಳಗೆ ಹೋದಳು. ಬಾಳಾಸಾಹೇಬರು ಪರಮಾನಂದನನ್ನು ಮರುಕದಿಂದ ನೋಡಿದರು. "ವ್ಯಾಪಾರದಾಗ ಏನರೆ ಪೆಟ್ಟ ಬಿತ್ತೇನ್ರಿ ಸಾಹುಕಾರ್ರ? ತಲಿಗೆ ಹಚ್ಕೋಬ್ಯಾಡ್ರಿ."

ಪಾಪ, ಹೇಗಿರಬೇಡ ಹೇಳಿ! ಅನ್ನ ಕೊಟ್ಟ ವಿದ್ಯೆಯನ್ನೇ ಪರಮಾನಂದ ಇಲ್ಲವೆಂದದ್ದಾಯಿತು. ಊಟಕ್ಕೆ ಕೂತರೆ ತೊಡೆಯ ಮೇಲೆ ಹಾಸಿಕೊಳ್ಳಲು ಕೈವಸ್ತ್ರ ಕೊಟ್ಟರು. ಮುಟ್ಟದೆ ಬಿಟ್ಟು, ಸಾರು ಅಂಗಿಯ ಮೇಲೆ ಚೆಲ್ಲಿಕೊಂಡ. ಊಟವಾದ ಮೇಲೆ ಶೈಲಾ "ಸಂಜೀ ಅಡಗಿ ಹೇಳಿ ಬರ್ತೇನಿ" ಅಂತ ಮತ್ತೆ ಹೋದಳು. ಅವನು ಮತ್ತೆ ಕೋಣೆಗೆ ಬಂದ. ಹೊದಿಕೆ ಅಲ್ಲೇ ಮಿಂಚುತ್ತ ಬಿದ್ದಿತ್ತು. ಒಂದು ಮೂಲೆಯಲ್ಲಿ ದಾರ ಒಂದು ಬಿಚ್ಚಿಕೊಂಡು ಹೊರಗೆ ನಿಂತಿತ್ತು.

ಅರಿಬಿಯವರಿಗೆ ಇದು ಅ ಆ ಇ ಈ ಇದ್ದಂತೆ. ಎಳೆ ಕಿತ್ತು ಕಡ್ಡಿ ಗೀರಿ ಸುಡಬೇಕು. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿ ಉದುರುತ್ತದೆ. ಪಾಲಿಸ್ಟರ್ ಆದರೆ ಕರಗಿ ಸಾಸಿವೆ ಕಾಳಿನಂತೆ ಗಟ್ಟಿಯಾಗುತ್ತದೆ. ಶೈಲಾಳ ಪೂಜೆಯ ಚೀಲದಲ್ಲಿ ಊದಿನಕಡ್ಡಿ ಇತ್ತು, ಕಡ್ಡಿಪೆಟ್ಟಿಗೆಯೂ ಇತ್ತು.

"ಬಿಚ್ಚಿದ ದಾರ ಅರಿಬಿ ಹೆಂಗಾದೀತು? ಅದು ಕಸ," ಅಂತ ತನಗೆ ತಾನೇ ತೀರ್ಪು ಕೊಟ್ಟುಕೊಂಡ ಪರಮಾನಂದ. ಎಳೆದ. ಒಂದು ಎಳೆಯ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಬಂದು ಕೈ ತುಂಬ ಒಂದು ಚುಂಗಾಯಿತು. ಬೆಳಕು ಸಾಲದೆಂದು ದೀಪದ ಕೆಳಗೆ ಕುರ್ಚಿ ಹಾಕಿ ಹತ್ತಿದ. ದೀಪದ ಮಗ್ಗುಲಿಗೇ ಛಾವಣಿಗೆ ಒಂದು ಬಿಳಿ ಮುಚ್ಚಳದಂಥದ್ದು ಅಂಟಿತ್ತು. ಅದರ ಗೊಡವೆ ನಮಗೇಕೆ ಅಂದುಕೊಂಡ. ಕಡ್ಡಿ ಗೀರಿದ.

ಚುಂಗು ಭಗ್ಗೆಂದಿತು. ಹೊಗೆ ಎದ್ದಿತು. ಬೂದಿಯೋ ಕಾಳೋ ಅಂತ ಬಗ್ಗಿ ನೋಡುವಷ್ಟರಲ್ಲಿ ಬಿಳಿ ಮುಚ್ಚಳ ಕಿರುಚಿಕೊಂಡಿತು. ಅದರ ಬೆನ್ನಿಗೆ ಇಡೀ ಹೋಟೆಲು ಕಿರುಚಿಕೊಂಡಿತು. ಪರಮಾನಂದ ಕುರ್ಚಿಯಿಂದ ಬಿದ್ದ. ಸುಟ್ಟ ಚುಂಗು ನೀರಿನ ಜಗ್ಗಿನೊಳಗೆ ಬಿದ್ದು ಕರಗಿತೋ ಮುಳುಗಿತೋ ಗೊತ್ತಾಗಲಿಲ್ಲ.

ಅಂಗಳದಲ್ಲಿ ಜಾತ್ರೆಯೇ ನೆರೆಯಿತು. ತಲೆ ತುಂಬ ಸೋಪಿನ ನೊರೆ ಇದ್ದವನೊಬ್ಬ ಟವೆಲ್ ಸುತ್ತಿಕೊಂಡು ನಿಂತಿದ್ದ. ಒಬ್ಬಾಕೆ ಅರ್ಧ ಬಣ್ಣ ಹಚ್ಚಿದ ಉಗುರನ್ನು ಊದುತ್ತಿದ್ದಳು. ಪ್ರೇಮಕುಮಾರನ ಬಾಯಲ್ಲಿ ಮೊದಲ ಸಲ ನಗು ಇರಲಿಲ್ಲ.

"ಸರ್, ನಿಮ್ಮ ಕೋಣೆಯಿಂದಲೇ ಹೊಗೆ ಬಂದದ್ದು. ಏನು ಸುಟ್ಟಿರಿ ಸರ್?"

ಜನರ ನಡುವಿನಿಂದ ಶೈಲಾ ಮುಂದೆ ಬಂದಳು. ಸೊಂಟದ ಮೇಲೆ ಕೈ ಇಟ್ಟಳು. ಪರಮಾನಂದನ ಕಣ್ಣ ಮುಂದೆ ಗಾಜಿನ ಬಾಗಿಲಿನ ಶೋರೂಮು ಬಂದು ಪುಡಿಪುಡಿಯಾಯಿತು. ಏನಾದರೂ ಹೇಳಬೇಕಿತ್ತು.

"ಬೀಡಿ," ಎಂದ.

"ಬೀಡಿ?" ಎಂದಳು ಶೈಲಾ.

"ಹೂಂ. ಬೀಡಿ. ಚಟ ಐತಿ. ನಿನ್ನಿಂದ ಮುಚ್ಚಿಟ್ಟಿದ್ದೆ."

ಮನೆಯಲ್ಲಿ ಊದಿನಕಡ್ಡಿಯ ಹೊಗೆಗೂ ಸೀನುವ ಮನುಷ್ಯ! ಅವನ ಮಾತು ಅಲ್ಲೇ ಬಿದ್ದುಹೋಗುತ್ತಿತ್ತೋ ಏನೋ. ಆದರೆ ಉಪಕಾರ ಮಾಡಲು ಬಾಳಾಸಾಹೇಬರು ಇದ್ದರಲ್ಲ! ಪರಮಾನಂದನ ಹೆಗಲ ಮೇಲೆ ಕೈ ಹಾಕಿ ಮಂದಿಗೆಲ್ಲ ಕೇಳುವಂತೆ ಹೇಳಿದರು: "ಬಿಡ್ರೀ ಪಾಪ, ವ್ಯಾಪಾರದಾಗ ಮುಳುಗ್ಯಾರ, ಒಂದ ಬೀಡಿ ಸೇದಿದ್ರ ಏನಾತು? ಸಾಹುಕಾರ್ರ, ಒಳಗ ಸೇದಬಾರದ್ರಿ. ಇಲ್ಲಿ ಬಯಲಾಗ ಬರ್ರಿ. ತಗೋರಿ, ನಂದ ಸೇದ್ರಿ. ಹೆಂಡ್ತಿಗೆ ಗೊತ್ತಾತಲ್ಲ, ಇನ್ನ್ಯಾತರ ಅಂಜಿಕಿ?"

ಬೀಡಿ ಬಾಯಿಗೆ ಬಂತು, ಬೆಂಕಿಯೂ ಬಂತು. ಶೈಲಾ ನೋಡುತ್ತಿದ್ದಳು. ಪರಮಾನಂದ ಶಿವನ ಹೆಸರು ಹೇಳಿ ಎಳೆದ. ಆಮೇಲೆ ಕೆಮ್ಮಿದ ಕೆಮ್ಮಿಗೆ ಬಂದರಿನ ಕಾಗೆಗಳು ಎದ್ದು ಹೋದವು. ಕಣ್ಣು ಕೆಂಪಾಗಿ ನೀರು ಧಾರಾಕಾರವಾಗಿ ಸುರಿಯಿತು. "ಖರೆ ಬೀಡಿ ಅಂದ್ರ ಹಿಂಗ ನೋಡ್ರಿ," ಎಂದರು ಬಾಳಾಸಾಹೇಬರು ಅಭಿಮಾನದಿಂದ. ಸೋಪಿನ ನೊರೆಯವನು ಮೊಬೈಲಿನಲ್ಲಿ ಫೋಟೋ ತೆಗೆದ.

ಸಂಜೆ ಗಂಡಹೆಂಡತಿ ಪಡಸಾಲೆಯಲ್ಲಿ ಕೂತರು. ಮೀನಿನ ದೋಣಿಗಳು ಬಂದರಿಗೆ ಮರಳುತ್ತಿದ್ದವು. ದೀಪ ಹಚ್ಚಲು ಇನ್ನು ಸ್ವಲ್ಪ ಹೊತ್ತು. ಗಂಟಲು ಉರಿಯುತ್ತಿದ್ದರೂ ಪರಮಾನಂದನಿಗೆ ಒಳಗೊಳಗೇ ಸಮಾಧಾನ: ಅರಿಬಿ ಮಾತು ಬರಲಿಲ್ಲ, ಗೆದ್ದೆ.

ಶೈಲಾ ನಿಧಾನ ಹೇಳಿದಳು: "ನಮ್ಮಪ್ಪ ಹೆಂಗ ಹೋದ ಅಂತ ನೆನಪೈತಿಲ್ರಿ? ಬೀಡಿ ಸೇದಿ ಸೇದಿ ಎದಿ ಸುಟ್ಕೊಂಡು ಹೋದ. ಅವನ ಸೈಟು ಬೀಡಿ ಸೇದವ್ರ ಹೆಸರಿಗೆ ಮಾಡಾಕ ನನ್ನ ಕೈ ಬರಂಗಿಲ್ಲ. ಷರತ್ತು ನೀವ ಗೆದ್ರಿ, ಖರೆ. ಆದ್ರ ಸಹಿ ಇಲ್ಲ."

ಪರಮಾನಂದ ಒಂದು ಸಲ ದೋಣಿ ನೋಡಿದ, ಒಂದು ಸಲ ಹೆಂಡತಿಯನ್ನು ನೋಡಿದ. ಬೀಡಿ ಅಂದರೆ ಮಾವ ಬಿಡುವುದಿಲ್ಲ, ದಾರ ಅಂದರೆ ಹೆಂಡತಿ ಬಿಡುವುದಿಲ್ಲ. ಹಾಳಾಗಲಿ, ಎರಡರಲ್ಲಿ ದಾರವೇ ಸಣ್ಣ ಪಾಪ ಅನ್ನಿಸಿತು.

"ಶೈಲಾ, ನಿನ್ನಾಣೆ, ಬೀಡಿ ಅಲ್ಲ. ಹೊದಿಕಿ ದಾರಾ ಕಿತ್ತು ಸುಟ್ಟೆ. ಹತ್ತಿ ಹೌದೋ ಅಲ್ಲೋ ನೋಡೂಣಂತ. ಕೈ ತಡೀಲಿಲ್ಲ."

ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. "ಗೊತ್ತಿತ್ತು ಬಿಡ್ರಿ. ಬೀಡಿ ಸೇದವ್ರಿಗೆ ಹೊಗಿ ಬಾಯಾಗಿಂದ ಬರ್ತೈತಿ, ನಿಮಗ ಕಣ್ಣಾಗಿಂದ ಬರಾಕತ್ತಿತ್ತು. ಅಂದ್ರ ಈಗ ಷರತ್ತೂ ಸೋತ್ರಿ."

"ಸೋತೆ. ಮಾಫಿ ಮಾಡು. ಇಷ್ಟ ಮಾಡಿ ಅದು ಹತ್ತಿನೋ ಏನು ಅಂತನೂ ಗೊತ್ತಾಗ್ಲಿಲ್ಲ."

"ಅರ್ಧಕ್ಕರ್ಧ ಪಾಲಿಸ್ಟರ್. ಮುಂಜಾನೆ ಬಾಗಲಾಗ ಕಾಲಿಟ್ಟ ಕೂಡ್ಲೆ ಮುಟ್ಟಿ ನೋಡೇನಿ."

ಪರಮಾನಂದ ಬಾಯಿ ತೆರೆದ. ಮುಚ್ಚುವ ಮೊದಲೇ ಪ್ರೇಮಕುಮಾರ ನಗುನಗುತ್ತ ಬಂದ.

"ಮೇಡಂ, ಮಾಲೀಕರು ಒಪ್ಪಿದರು. ಎಷ್ಟು ಮೋಸ ಹೋಗಿದ್ದೆವು ಅಂತ ಅವರಿಗೂ ಬೇಜಾರು. ಎಲ್ಲಾ ಕೋಣೆಗೂ ಹೊದಿಕೆ, ಪರದೆ ನೀವೇ ಕೊಡಬೇಕಂತೆ. ಬೆಳಗ್ಗೆಯಿಂದ ಅಷ್ಟು ತಾಳ್ಮೆಯಿಂದ ತಿಳಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್ ಹೇಳಿದ್ದಾರೆ. ಅಂಗಡಿ ಹೆಸರು ಏನು ಮೇಡಂ?"

"ಶೈಲಾ ಹ್ಯಾಂಡ್‌ಲೂಮ್ಸ್," ಎಂದಳು ಶೈಲಾ. "ಬನಹಟ್ಟಿ. ಮೇನ್ ರೋಡು."

ಅವನು ಹೋಗುವವರೆಗೆ ಪರಮಾನಂದ ತಡೆದುಕೊಂಡ. "ನೀ ಅಡಗಿಮನಿ ನೋಡಾಕ ಹೋಗಿದ್ದಿಲ್ಲೇನು?"

"ಅದನ್ನೂ ನೋಡಿದೆ."

"ಅರಿಬಿ ಮಾತ ಎತ್ತಬಾರದು ಅಂತ ಷರತ್ತಿತ್ತಲ್ಲ!"

"ಷರತ್ತು ನಿಮಗ. ನನಗ ಯಾರ ಹಾಕಿದ್ರಿ?" ಆಕೆಯ ದನಿಯಲ್ಲಿ ನಗು ಹೋಗಿತ್ತು. "ನೇಕಾರರ ಮನ್ಯಾಗ ಹುಟ್ಟಿದಾಕಿ ನಾನು, ಮಗ್ಗದ ಸಪ್ಪಳದಾಗ ನಿದ್ದಿ ಮಾಡಿದಾಕಿ. ಇಷ್ಟ ವರ್ಷದಾಗ ಒಂದ ದಿನಾರ 'ಶೈಲಾ, ಇದ ಹೆಂಗೈತಿ ನೋಡು' ಅಂತ ಒಂದ ಸೀರಿ ನನ್ನ ಕೈಯಾಗ ಕೊಟ್ಟೀರೇನ್ರಿ? ನೀವ ಸುಮ್ಮನಿದ್ರ ನನಗ ಮಾತಾಡಾಕ ಜಾಗಾ ಸಿಗತೈತಂತ ಷರತ್ತ ಹಾಕಿದೆ. ಸಿಕ್ತು. ನಮ್ಮಪ್ಪನ ಓಣ್ಯಾಗ ಕೈಮಗ್ಗದವ್ರು ಇನ್ನೂ ಅದಾರ. ಸೈಟು ನನ್ನ ಹೆಸರಿನ್ಯಾಗ ಐತಿ, ಅಂಗಡಿನೂ ನನ್ನ ಹೆಸರಿನ್ಯಾಗ ಆಗ್ತೈತಿ."

ಪರಮಾನಂದನಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು, ನಾಚಿಕೆಯೂ ಆಯಿತು. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದ:

"ಅಂಗಡ್ಯಾಗ ಗಿರಾಕಿಗೆ ಅರಿಬಿ ತೋರ್ಸಾಕ ಒಬ್ರು ಬೇಕಾಗ್ತಾರಲ್ಲ? ನಾ ಬರ್ಲೇನು?"

ಶೈಲಾ ಮೊಬೈಲು ತೆಗೆದು ಅವನ ಮುಂದೆ ಹಿಡಿದಳು. ನೊರೆಯವನು ತೆಗೆದ, ಬಾಯಲ್ಲಿ ಬೀಡಿ ಇದ್ದ ಅವನ ಫೋಟೋ ಬಾಳಾಸಾಹೇಬರ ದಯೆಯಿಂದ ಅದಾಗಲೇ ಮುಧೋಳ ದಾಟಿ, ರಬಕವಿ ದಾಟಿ, ಮಗಳ ಫೋನಿನಿಂದ ತಿರುಗಿ ಬಂದಿತ್ತು.

"ಬರ್ರಿ ಅಂತಿದ್ದೆ," ಎಂದಳು. "ಆದ್ರ ಬೀಡಿ ಸೇದವ್ರನ್ನ ನಮ್ಮ ಅಂಗಡ್ಯಾಗ ಕೆಲಸಕ್ಕ ಇಟ್ಕೊಳ್ಳಂಗಿಲ್ಲರಿ."