ಹತ್ತು ನಂಬರಿನ ಪಂಚನಾಮೆ

ಗ್ಯಾನಪ್ಪನ ಚಸ್ಮಾ ಒಡೆದದ್ದು ಚಸ್ಮಾ ಹುಡುಕುವಾಗ. ಮನೆಯೆಲ್ಲ ತಡಕಾಡಿ, ದಣಿದು, ಮಂಚದ ಮೇಲೆ ದೊಪ್ಪನೆ ಕೂತ. ಚಸ್ಮಾ ಅಲ್ಲೇ ಇತ್ತು.

ಬೇರೆ ದಿನವಾಗಿದ್ದರೆ ಅವನು ಇಷ್ಟು ಕಂಗಾಲಾಗುತ್ತಿರಲಿಲ್ಲ. ಮರುದಿನ ಕುಷ್ಟಗಿಗೆ ಹೋಗಿ ಮಗಳು ಅಂಜಲಿಗೆ ವರ ನೋಡಿಬರಬೇಕಿತ್ತು. ಹುಡುಗ ಪ್ರಭುರಾಜ, ದವಾಖಾನೆಯೊಂದರಲ್ಲಿ ನೌಕರಿ, ಮನೆತನವೂ ಒಳ್ಳೆಯದು. ತಕರಾರು ಒಂದೇ. ಅವನ ತಲೆಯ ಮೇಲಿರುವುದು ವಿಗ್ಗು ಎಂದು ಯಾರೋ ಗ್ಯಾನಪ್ಪನ ಹೆಂಡತಿಯ ಕಿವಿಗೆ ಹಾಕಿದ್ದರು.

"ಅಪ್ಪಾ, ನೀ ಕಣ್ಣಾರೆ ನೋಡಿ ಬಂದು, ಕೂದಲಾ ಖರೇ ಅದಾವು ಅಂದ್ರ ಮಾತ್ರ ನಾ ಹ್ಞೂಂ ಅನ್ನಾಕಿ" ಎಂದಿದ್ದಳು ಅಂಜಲಿ. ಮೂರು ವರ್ಷದಲ್ಲಿ ಅವಳು ಇಷ್ಟರಮಟ್ಟಿಗೆ ಒಪ್ಪಿದ ಮೊದಲ ಸಂಬಂಧ ಅದು.

ಗ್ಯಾನಪ್ಪನ ನಂಬರಿನ ಗಾಜು ಕುಕನೂರಿನ ಅಂಗಡಿಗೆ ಬರಲು ಹದಿನೈದು ದಿನ ಬೇಕು. ಪುಣ್ಯಕ್ಕೆ ಅವತ್ತೇ ಊರಿನ ಸಾಲೆಯಲ್ಲಿ ಕಣ್ಣಿನ ಶಿಬಿರವಿತ್ತು. ಪರೀಕ್ಷೆ ಪುಕ್ಕಟೆ, ಚಸ್ಮಾ ಪುಕ್ಕಟೆ, ಅದನ್ನೂ ಶಿಬಿರಕ್ಕೆ ಬಂದ ದವಾಖಾನೆಯ ವ್ಯಾನಿನಲ್ಲೇ ತಯಾರಿಸಿ ಸಂಜೆಗೇ ಕೊಡುತ್ತಿದ್ದರು. ಗ್ಯಾನಪ್ಪ ಗೋಡೆ ಹಿಡಿದುಕೊಂಡು ಹೋದ.

ಬಾಗಿಲ ಬಳಿ ಮೇಜಿನ ಹಿಂದೆ ಗುಮಾಸ್ತನೊಬ್ಬ ಕೂತಿದ್ದ. ಗ್ಯಾನಪ್ಪನಿಗೆ ಬಿಳಿ ಅಂಗಿ ಕಂಡಿತು; ಅದರ ಮೇಲೊಂದು ಮುಖ ಇರಬೇಕೆಂದು ಅಂದಾಜು ಮಾಡಿದ.

"ಹತ್ತು ನಂಬರ್ ಮ್ಯಾಲಿದ್ದವರಿಗಷ್ಟ ಪುಕ್ಕಟ ರೀ. ಹಳೇ ಚೀಟಿ ತೋರಿಸ್ರಿ" ಎಂದಿತು ಅಂಗಿ.

ಚೀಟಿಯಲ್ಲಿ ಒಂಬತ್ತೂವರೆ ಎಂದಿತ್ತು.

"ಅರ್ಧ ನಂಬರ್ ಕಡಿಮಿ ಆತಲ್ರಿ."

"ಏಳು ವರ್ಷದ ಹಿಂದಿನ ಚೀಟಿ ಅದು. ಈಗ ಹೆಚ್ಚಾಗೇತ್ರಿ!"

"ಹೆಚ್ಚಾಗೇತಿ ಅಂತ ಪರೀಕ್ಷಾ ಮಾಡಿಸ್ಕೊಂಡು ಬರ್ರಿ."

"ಪರೀಕ್ಷಾ ಮಾಡಿಸಾಕ ಬಂದೇನಲ್ರಿ ಇಲ್ಲಿಗೆ?"

"ಇಲ್ಲಿ ಹತ್ತು ನಂಬರ್ ಮ್ಯಾಲಿದ್ದವರಿಗಷ್ಟ ಪರೀಕ್ಷಾ ರೀ" ಎಂದು ಗುಮಾಸ್ತ ಬಹಳ ಮರ್ಯಾದೆಯಿಂದ ಹೇಳಿದ. "ಇಲ್ಲಾಂದ್ರ ಬ್ಯಾರೇ ಏನರ ಪುರಾವಾ ತರ್ರಿ."

ಗ್ಯಾನಪ್ಪ ಹೊರಬಂದು ನೂರಸಾಬನ ಚಹಾದಂಗಡಿಯಲ್ಲಿ ತಲೆಗೆ ಕೈಹೊತ್ತು ಕೂತ. ಅಲ್ಲಿ ಪಕ್ಕದ ಮನೆಯ ದೊಡ್ಡಬಸಪ್ಪ ಇದ್ದ. ತಹಸೀಲ ಕಚೇರಿಯಲ್ಲಿ ಮೂವತ್ತು ವರ್ಷ ಪಂಚನಾಮೆ ಬರೆದು ನಿವೃತ್ತನಾದವನು. ಸುಟ್ಟ ಬಣವೆ, ಬಿದ್ದ ಗೋಡೆ, ಸತ್ತ ಎತ್ತು, ಯಾವುದನ್ನೂ ಪಂಚರ ಸಹಿ ಇಲ್ಲದೆ ಅವನು ನಂಬುತ್ತಿರಲಿಲ್ಲ. ಗ್ಯಾನಪ್ಪ ಅವನಿಗೆ ವರ, ವಿಗ್ಗು, ಗುಮಾಸ್ತ ಎಲ್ಲವನ್ನೂ ಹೇಳಿಕೊಂಡ.

"ಇಷ್ಟ ಹೌದಿಲ್ಲೋ? ಪಂಚನಾಮಿ ಮಾಡೂಣು" ಎಂದ ದೊಡ್ಡಬಸಪ್ಪ. ಅವನ ದನಿಯಲ್ಲಿ ಬಹುಕಾಲದ ಮೇಲೆ ಜೀವ ಬಂದಿತ್ತು.

ಚಹಾ ಕುಡಿಯುತ್ತಿದ್ದ ಐವರು ಪಂಚರಾದರು. ದೊಡ್ಡಬಸಪ್ಪ ಮೂವತ್ತು ಹೆಜ್ಜೆ ಅಳೆದು, ಅಲ್ಲಿ ಕಟ್ಟಿದ್ದ ನೂರಸಾಬನ ಎಮ್ಮೆಯನ್ನು ತೋರಿಸಿದ.

"ಏನು ಕಾಣಿಸ್ತೈತಿ, ಖರೇ ಹೇಳು."

ಗ್ಯಾನಪ್ಪ ಕಣ್ಣು ಕಿರಿದು ಮಾಡಿದ. "ಯಾರೋ ಕರೀ ಕೋಟು ಹಾಕ್ಕೊಂಡು ನಿಂತಾರ. ವಕೀಲ್ರು ಇರಬೇಕು." ಕೈಮುಗಿದು "ಶರಣ್ರೀ" ಎಂದೂ ಅಂದ.

ಎಮ್ಮೆ ಬಾಲ ಬೀಸಿತು. ಪಂಚರು ಸಹಿ ಹಾಕಿದರು. ದೊಡ್ಡಬಸಪ್ಪ ಒಂದೂವರೆ ಹಾಳೆ ತುಂಬ ಬರೆದು ಮಡಚಿ ಕೊಟ್ಟ. "ಸಂಗತಿ ಎಲ್ಲಾ ಸವಿಸ್ತಾರ ಬರದೇನಿ. ಏನೂ ಬಿಟ್ಟಿಲ್ಲ."

ಗುಮಾಸ್ತ ಅದನ್ನು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಓದತೊಡಗಿದ.

"'ಸದರಿ ಗ್ಯಾನಪ್ಪನು ಮೂವತ್ತು ಹೆಜ್ಜೆ ದೂರದ ಎಮ್ಮೆಯನ್ನು ವಕೀಲರೆಂದು ಗುರುತಿಸಿ ನಮಸ್ಕರಿಸಿರುತ್ತಾನೆ...'" ಸಾಲು ನಕ್ಕಿತು. ಗುಮಾಸ್ತನೂ ನಕ್ಕ. "'ಚಸ್ಮಾ ಬೇಕಾದ ಕಾರಣ: ನಾಳೆ ಕುಷ್ಟಗಿಗೆ ಹೋಗಿ ಪ್ರಭುರಾಜ ಎಂಬ ವರನನ್ನು ನೋಡುವುದಿದ್ದು, ಸದರಿ ವರನ ತಲೆಗೂದಲು ಸ್ವಂತದ್ದಲ್ಲವೆಂದು...'"

ಓದು ನಿಂತಿತು. ಗ್ಯಾನಪ್ಪ ಕಾದ. ಬಿಳಿ ಅಂಗಿ ಅಲುಗಾಡಲಿಲ್ಲ.

"ಮುಂದ ಓದ್ರಿ. ಮುಖ್ಯ ಸಂಗತಿ ಅದ ಐತಿ. ವಿಗ್ಗು ಹಾಕ್ಕೊಂತಾನಂತ್ರಿ ಆ ಹುಡುಗ."

"ನಾನ ರೀ ಪ್ರಭುರಾಜ" ಎಂದ ಗುಮಾಸ್ತ.

ಏನಾದರೂ ಹೇಳಬೇಕೆಂದು ಗ್ಯಾನಪ್ಪ "ಮನ್ಯಾಗ ಎಲ್ಲಾರೂ ಆರಾಮದಾರೇನ್ರೀ?" ಎಂದ.

"ಆರಾಮದಾರ. ನಿಮ್ಮ ಪುರಾವಾ ಸಾಕಾತ್ರಿ. ಎರಡು ಸಲ ನನ್ನ ಎದುರಿಗೆ ನಿಂತ್ರೂ ನನ್ನ ಕೂದಲಾ ನಿಮಗ ಕಂಡಿಲ್ಲ ಅಂದ ಮ್ಯಾಲ ಹತ್ತು ನಂಬರ್ ದಾಟೇತಿ." ಚೀಟಿಯ ಮೇಲೆ ಠಸ್ಸೆ ಬಿತ್ತು. "ಒಳಗ ಹೋಗ್ರಿ. ನಾಳೆ ಕುಷ್ಟಗಿಗೆ ಮಾತ್ರ ಬರಬ್ಯಾಡ್ರಿ. ಐದು ಮಂದಿ ಸಹಿ ಹಾಕಿ ನನ್ನ ತಲಿ ವಿಚಾರ ಮಾಡ್ಯಾರ. ಅಂಥಾ ಊರಿನ ಸಂಬಂಧ ನಮಗ ಬ್ಯಾಡ."

ಒಳಗೆ ಪರೀಕ್ಷೆಯಾಯಿತು. ಹನ್ನೆರಡು ನಂಬರು.

ಸಂಜೆ ಹೊಸ ಚಸ್ಮಾ ಏರಿಸಿ ಗ್ಯಾನಪ್ಪ ಹೊರಬಂದ. ಅಂಗಳದ ನಳದ ಕೆಳಗೆ ತಲೆಯೊಡ್ಡಿ ಕೂತಿದ್ದವನೊಬ್ಬ "ಯಾರರ ಸಾಬೂನ್ ಕೊಡ್ರಪಾ" ಎಂದ. ಅದೇ ಗುಮಾಸ್ತನ ದನಿ. ಸೋಪು ಹಚ್ಚಿ, ಗಸಗಸ ತಿಕ್ಕಿ, ಟವೆಲ್ಲಿನಿಂದ ಬಡಿದು ಬಡಿದು ಒರೆಸಿಕೊಂಡ. ವಿಗ್ಗಾಗಿದ್ದರೆ ಅಷ್ಟೊತ್ತಿಗೆ ಗಟಾರ ಸೇರಬೇಕಿತ್ತು. ದಟ್ಟವಾದ, ಗುಂಗುರು ಕೂದಲು. ಗ್ಯಾನಪ್ಪನಿಗೆ ಒಂದೊಂದು ಎಳೆಯೂ ಬೇರೆಬೇರೆಯಾಗಿ ಕಂಡಿತು. ಅಂಜಲಿಗೆ ಏನು ಹೇಳುವುದು?

ಅಷ್ಟರಲ್ಲಿ ಹೆಗಲ ಮೇಲೆ ಕೈ ಬಿತ್ತು. ದೊಡ್ಡಬಸಪ್ಪ. ಅವನೂ ನಳದ ಕಡೆಗೇ ನೋಡುತ್ತಿದ್ದ.

"ಕೂದಲಾ ಸ್ವಂತದ್ದ ಐತಲ್ಲೋ! ಪಂಚರು ಇನ್ನೂ ಚಹಾದಂಗಡ್ಯಾಗ ಅದಾರ. ಕರಕೊಂಡು ಬರಲೇನು?"

"ನಾ ಏನೂ ನೋಡಿಲ್ಲಪಾ" ಎಂದು ಗ್ಯಾನಪ್ಪ ಚಸ್ಮಾ ತೆಗೆದು ಜೇಬಿಗಿಟ್ಟುಕೊಂಡು, ಗೋಡೆ ಹಿಡಿದು ಮನೆಯ ದಾರಿ ಹಿಡಿದ.