ಹೆಡ್‌ಫೋನಿನ ಒಳಗೂ ಹೊರಗೂ

ಮನೆಯಲ್ಲಿ ಗಂಡನಾದವನಿಗೆ ಸ್ವಂತದ್ದೊಂದು ಕೋಣೆ ಬೇಕೆಂದರೆ ಅದಕ್ಕೊಂದು ಘನವಾದ ಕಾರಣ ಬೇಕು. ನಾನು ಕಂಡುಕೊಂಡ ಕಾರಣ ಸಂಗೀತ. ಕಂಪ್ಯೂಟರಿಗೆ ಸಿಂಥಸೈಜರ್ ಸಾಫ್ಟ್‌ವೇರ್ ಹಾಕಿಕೊಂಡರೆ ಪಿಟೀಲು, ಕೊಳಲು, ಡ್ರಮ್ಮು ಎಲ್ಲ ಅದರೊಳಗೇ ನುಡಿಯುತ್ತವೆ. ಹಾಡುವವರ ಹಂಗಿಲ್ಲ. (ಹಾಡುವವರು ಮುನಿಸಿಕೊಳ್ಳುತ್ತಾರೆ, ಸಾಫ್ಟ್‌ವೇರು ಅಪ್‌ಡೇಟ್ ಮಾತ್ರ ಕೇಳುತ್ತದೆ.) ವಾದ್ಯಸಂಗೀತದ ಆಲ್ಬಂ ಒಂದನ್ನು ಲೋಕಾರ್ಪಣೆ ಮಾಡುವೆನೆಂದು ಘೋಷಿಸಿ, ನನ್ನವಳ ಹೊಲಿಗೆ ಮೆಷಿನ್ನನ್ನು ಅದರ ಕೋಣೆಯಿಂದ ಹಜಾರಕ್ಕೆ ಗಡೀಪಾರು ಮಾಡಿದೆ.

ಅವಳು ಇಡೀ ಬೀದಿಗೆ ಬಟ್ಟೆ ಹೊಲಿದುಕೊಡುವವಳು. ಸುಮ್ಮನೆ ಬಿಟ್ಟಾಳೆಯೇ?

"ಆಗ್ಲಿ. ಮುಗಿದ ಮೇಲೆ ಅಪ್ಪ ಕೇಳ್ಲಿ. ನಿಮ್ಮ ಸಂಗೀತ ಚೆನ್ನಾಗಿದೆ ಅಂದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಮೆಷಿನ್ನ ನೀವೇ ಹೊತ್ಕೊಂಡ್ಹೋಗಿ ಅಲ್ಲೇ ಇಡ್ಬೇಕು."

ಅವಳಪ್ಪ, ಅಂದರೆ ನಮ್ಮ ಮಾವ, ನಮ್ಮ ಜೊತೆಗೇ ಇರುವವರು. ಬ್ಯಾಂಡ್‌ಸೆಟ್ಟಿನಲ್ಲಿ ತುತ್ತೂರಿ ಊದಿ ನಿವೃತ್ತರಾದವರು. ಅಳಿಯನನ್ನು ಹೊಗಳಿ ಅಭ್ಯಾಸವಿಲ್ಲ. ಆದರೂ ಒಪ್ಪಿದೆ.

ಅಂದಿನಿಂದ ಆಫೀಸಿನಿಂದ ಬಂದೊಡನೆ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿ ತಪಸ್ಸಿಗೆ ಕೂರುತ್ತಿದ್ದೆ. ಮನೆಯವರಿಗೆ ತೊಂದರೆಯಾಗಬಾರದೆಂಬ ಸದ್ಬುದ್ಧಿ ನನ್ನದು. ಒಂದೊಂದು ಸ್ವರವನ್ನೂ ತಿದ್ದಿ ತೀಡಿ, ಡ್ರಮ್ಮಿನ ಗುಡುಗಿನ ಮೇಲೆ ಪಿಟೀಲುಗಳನ್ನು ತೇಲಿಬಿಟ್ಟೆ. ಕೇಳುತ್ತಿದ್ದರೆ ನನಗೇ ಕಣ್ಣೀರು ಬರುತ್ತಿತ್ತು.

ತೀರ್ಪಿನ ದಿನ ಹಜಾರದಲ್ಲಿ ಸ್ಪೀಕರ್ ಇಟ್ಟು ಆಲ್ಬಂ ಹಾಕಿದೆ. ಮಾವ ಕಣ್ಣು ಮುಚ್ಚಿದರು. ತಲೆದೂಗಿದರು. ಪಾದವೂ ತಾಳ ಹಾಕಿತು!

"ಭೇಷ್! ಬಹಳ ಚೆನ್ನಾಗಿದೆ," ಎಂದರು. ನಾನು ಹೆಂಡತಿಯತ್ತ ವಿಜಯದ ನೋಟ ಬೀರುವಷ್ಟರಲ್ಲಿ, "ಸರಿ, ಇದು ಯಾರದ್ದೋ ಆಯ್ತು. ಇನ್ನು ನಿಮ್ಮದನ್ನ ಹಾಕಿ ಅಳಿಯಂದ್ರೇ," ಎಂದರು.

"ಇದೇ ನಂದು ಮಾವ!"

"ನನ್ನ ಹತ್ರಾನೇ ಸುಳ್ಳಾ? ದಿನಾ ಗೋಡೆ ಈಚೆ ಕೂತು ನಿಮ್ಮದನ್ನ ಕೇಳಿದ್ದೀನಿ. ಢುಂ ಢುಂ ಚಿಕ್, ಞೊಂಯ್ ಞೊಂಯ್, ಮಧ್ಯೆ ಒಂದು ಬಿಕ್ಕಳಿಕೆ. ಇದ್ರಲ್ಲಿ ಅದೊಂದೂ ಇಲ್ವಲ್ಲ!"

"ನಾನ್ಯಾವಾಗ ಹಾಗಂದೆ?"

"ಅಂತೀರಿ," ಎಂದಳು ಇವಳು. "ಹೆಡ್‌ಫೋನ್ ಹಾಕ್ಕೊಂಡ್ರೆ ನಿಮ್ಮ ಬಾಯಿ ನಿಮಗೇ ಕೇಳ್ಸಲ್ಲ. ನಿಮ್ಮೆಜಮಾನ್ರಿಗೆ ಹಲ್ಲುನೋವಾ ಅಂತ ಪಕ್ಕದ ಮನೆಯವ್ರು ವಿಚಾರಿಸಿದ್ರು."

ಮೈಯೆಲ್ಲ ಉರಿದುಹೋಯಿತು. ಕಣ್ಣೆದುರೇ ಹೊಸ ರಾಗ ಕೂಡಿಸಿ ತೋರಿಸುತ್ತೇನೆಂದು ಹೆಡ್‌ಫೋನ್ ಏರಿಸಿ ಕಂಪ್ಯೂಟರಿನ ಮುಂದೆ ಕೂತೆ. ಬಾಯಿ ಬಿಗಿಯಾಗಿ ಮುಚ್ಚಿದ್ದೇನೆಂದೇ ನನ್ನ ನಂಬಿಕೆ. ತಿರುಗಿ ನೋಡಿದರೆ ಮಾವ ಕಿವಿಗೆ ಬೆರಳಿಟ್ಟುಕೊಂಡಿದ್ದಾರೆ. ಇವಳು ಗಿರಾಕಿಯ ಪರದೆಯನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದಾಳೆ. ಹೆಡ್‌ಫೋನ್ ತೆಗೆದೆ.

"ಕೇಳ್ದ್ಯಾ ಮಗಳೇ? ಅದೇ ಬಿಕ್ಕಳಿಕೆ! ಇವ್ರ ಸಂಗೀತ ಇದೇ, ಚೆನ್ನಾಗಿಲ್ಲ!" ಎನ್ನುತ್ತಿದ್ದರು ಮಾವ.

ಈಗ ಮೆಷಿನ್ನು ಕೋಣೆಯಲ್ಲಿದೆ, ನಾನು ಹಜಾರದಲ್ಲಿದ್ದೇನೆ. "ರೀ, ಉದ್ದ ಹೊಲಿಗೆ ಇದೆ, ಸ್ವಲ್ಪ ಢುಂ ಚಿಕ್ ಅನ್ನಿ. ಕೈ ಓಡುತ್ತೆ," ಎಂದು ಒಳಗಿನಿಂದ ಅಪ್ಪಣೆಯಾಗುತ್ತದೆ. ಅನ್ನುತ್ತೇನೆ. ಹೆಡ್‌ಫೋನನ್ನು ಮಾವ ಕೇಳಿ ಇಸಿದುಕೊಂಡಿದ್ದಾರೆ, ಕಿವಿಯಿಂದ ತೆಗೆಯುವುದೇ ಇಲ್ಲ. ಕಡೆಗೂ ನನ್ನ ಆಲ್ಬಮ್ಮಿಗೊಬ್ಬರು ಅಭಿಮಾನಿ ಸಿಕ್ಕರೆಂದು ನಿನ್ನೆ ಸಂತೋಷದಿಂದ ಹತ್ತಿರ ಹೋಗಿ ನೋಡಿದೆ. ಅದರ ವೈರು ಎಲ್ಲಿಗೂ ಸಿಕ್ಕಿಸದೆ ಅವರ ಮಡಿಲಲ್ಲಿ ಬಿದ್ದಿತ್ತು.