ಕೋಗಿಲಿಗೆ ಬಂದ ಮದರ್‌ಬೋರ್ಡ್

ನಾನು ಒಂದು ಸಾಮಾನು ತರಲು ಹೊರಟರೂ ಅದು ಹೋರಾಟವಾಗಿಯೇ ಮುಗಿಯುತ್ತದೆ. ಹಾಲು ತರಲು ಹೋಗಿ ರಸ್ತೆಗುಂಡಿಯಲ್ಲಿ ಬಾಳೆಗಿಡ ನೆಟ್ಟು ಬಂದಿದ್ದೇನೆ. ಚಪ್ಪಲಿ ಹೊಲಿಸಲು ಹೋಗಿ ಯಲಹಂಕದ ಬಸ್ ಸ್ಟಾಪಿನಲ್ಲಿ ಬರಿಗಾಲಲ್ಲಿ ಭಾಷಣ ಮಾಡಿದ್ದೇನೆ. ಈಗ ನನ್ನ ಹೆಂಡತಿ ನನ್ನನ್ನು ಕೊತ್ತಂಬರಿ ಸೊಪ್ಪಿಗೂ ಕಳಿಸುವುದಿಲ್ಲ. ಇಂಥವನ ಹತ್ತಿರ ಗೆಳೆಯನೊಬ್ಬ ಬಂದು, "ಮಗಾ, ಒಂದು ಕಂಪ್ಯೂಟರ್ ಜೋಡಿಸಿಕೊಡು" ಅಂದ.

ನಾನು ಕಂಪ್ಯೂಟರನ್ನು ಯಾವ ಕಾಲೇಜಿನಲ್ಲೂ ಓದಿದವನಲ್ಲ. ಬಿಚ್ಚಿ, ಸುಟ್ಟು, ಬೈಸಿಕೊಂಡು ಕಲಿತವನು. ಗೆಳೆಯ ಕೋಗಿಲಿನವನು, ಮದುವೆ ವಿಡಿಯೋ ತೆಗೆಯುವವನು. ಅದಕ್ಕೂ ಮೊದಲು ಟಿ. ದಾಸರಹಳ್ಳಿಯಲ್ಲಿ ಅಕ್ಕನ ಗಂಡನ ಫ್ಲೆಕ್ಸ್ ಅಂಗಡಿಯಲ್ಲಿ ಕೂತು, ಹುಟ್ಟುಹಬ್ಬದ ಬ್ಯಾನರುಗಳಲ್ಲಿ ಪುಢಾರಿಗಳ ಬೋಳುತಲೆಗೆ ಕೂದಲು ಅಂಟಿಸಿ ಅಂಟಿಸಿ ಅವನಿಗೆ ಸಾಕಾಗಿತ್ತು. ಸ್ವಂತ ಎಡಿಟಿಂಗ್ ಅಂಗಡಿ ಇಡುತ್ತೇನೆ ಎಂದು ಹೊರಬಂದ. ಭಾವ ನಕ್ಕ.

"ಆಯುಧಪೂಜೆ ದಿನ ಬರ್ತೀನಿ ಕಣೋ. ನಿನ್ನ ಅಂಗಡಿ ಕಂಪ್ಯೂಟರಲ್ಲಿ ಒಂದು ಮದುವೆ ಓಡೋದು ತೋರ್ಸು. ಓಡ್ಲಿಲ್ವಾ, ಮಾರನೇ ದಿನ ಬಂದು ಕೂದಲು ಅಂಟಿಸು."

ರೋಷದಲ್ಲಿ ಗೆಳೆಯ ಹೂಂ ಅಂದುಬಿಟ್ಟ. ಅದೇ ವಾರ ಅವನ ಹಳೇ ಕಂಪ್ಯೂಟರ್ ಪ್ರಾಣ ಬಿಟ್ಟಿತು. ಅದರ ಡಿಸ್ಕ್ ಒಂದು ಬದುಕಿತ್ತು, ಅದರಲ್ಲೊಂದು ಮದುವೆ ಇತ್ತು. ಉಳಿದದ್ದೆಲ್ಲ ಹೊಸದಾಗಿ ಬೇಕಿತ್ತು.

ಊಟದ ಹಾಲ್ ಎಷ್ಟು ದೊಡ್ಡದು?

"ಪ್ರೊಸೆಸರ್ ಗೊತ್ತು, ರ‍್ಯಾಮ್ ಗೊತ್ತು. ಈ ಮದರ್‌ಬೋರ್ಡ್ ಯಾಕೆ ಮಗಾ? ಇದೇನು ಕೆಲಸ ಮಾಡುತ್ತೆ?" ಎಂದು ಗೆಳೆಯ ಕೇಳಿದ.

"ಗಂಡು ರೆಡಿ, ಹೆಣ್ಣು ರೆಡಿ, ಅಡುಗೆಯವರು ರೆಡಿ. ಮದುವೆ ಎಲ್ಲಿ ಮಾಡ್ತೀಯ? ಹೆಬ್ಬಾಳದ ಫ್ಲೈಓವರ್ ಮೇಲಾ? ಛತ್ರ ಬೇಕಲ್ವಾ? ಮದರ್‌ಬೋರ್ಡ್ ಅಂದ್ರೆ ಛತ್ರ. ಅದಕ್ಕೆ ಹೊಂದದೇ ಇದ್ರೆ ಎಂಥ ಗಂಡು ತಂದ್ರೂ ಹೊರಗಡೆನೇ ನಿಲ್ಬೇಕು."

ಅವನ ಮುಖ ಅರಳಿತು. ಯಶವಂತಪುರದಿಂದ ಸೋಲದೇವನಹಳ್ಳಿವರೆಗೆ ಅವನು ನೋಡದ ಛತ್ರವಿಲ್ಲ. ನಾನು ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಇನ್ನೂ ವಿವರಿಸಿದೆ: ರ‍್ಯಾಮ್ ಅಂದರೆ ಊಟದ ಹಾಲ್, ಒಂದೇ ಸಲ ಎಷ್ಟು ಎಲೆ ಹಾಕಬಹುದು ಅನ್ನುವ ಲೆಕ್ಕ, ಹಿಂದಿನ ಪೋರ್ಟುಗಳೆಂದರೆ ಬಾಗಿಲುಗಳು.

ಆರ್.ಟಿ. ನಗರದ ಅಂಗಡಿಗೆ ಹೋದೆವು. ಮಾಲೀಕರು ವಯಸ್ಸಾದ ಸಾಹೇಬರು, ಮನೆಯವರ ಜೊತೆ ಫೋನಿನಲ್ಲಿ ಉರ್ದು, ನಮ್ಮ ಜೊತೆ ಕನ್ನಡ. ಡಬ್ಬಗಳನ್ನು ಒಂದೊಂದಾಗಿ ತೆಗೆದಿಟ್ಟರು. ಗೆಳೆಯ ಮೊದಲನೆಯದನ್ನು ತಿರುಗಿಸಿ ನೋಡಿ ಕೇಳಿದ: "ಊಟದ ಹಾಲ್ ಎಷ್ಟು ದೊಡ್ಡದು?"

ಸಾಹೇಬರು ನನ್ನ ಮುಖ ನೋಡಿದರು.

"ಬಾಗಿಲು ಕಮ್ಮಿ ಆಯ್ತಲ್ಲ ಸಾರ್. ಗಂಡಿನ ಕಡೆಯವರು ಒಂದ್ಕಡೆಯಿಂದ ಬಂದ್ರೆ ನಮ್ಮ ಕ್ಯಾಮೆರಾ ಎಲ್ಲಿಂದ ಒಳಗೆ ಬರೋದು?"

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಡುಗೆಮನೆ ಬಿಸಿ ಹೊರಗೆ ಹೋಗೋಕೆ ದಾರಿ ಇದೆಯಾ?"

"ಭಾಯ್," ಸಾಹೇಬರು ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು, "ಇವ್ರು ಕಂಪ್ಯೂಟರ್ ತಗೊಳ್ಳೋಕೆ ಬಂದವ್ರಾ, ಡೇಟ್ ಬುಕ್ ಮಾಡೋಕೆ ಬಂದವ್ರಾ?"

ಎಮ್ಮೆ

ಬೋರ್ಡ್ ಆರಿಸಿ, ಹೊಸ ಪ್ರೊಸೆಸರ್ ಮತ್ತು ಉಳಿದದ್ದರ ಜೊತೆ ತಂದೆವು. ಗೆಳೆಯನ ಅಮ್ಮ ಹಳೇ ಕೋಗಿಲಿನವರು. ಸುತ್ತ ಅಪಾರ್ಟ್‌ಮೆಂಟ್ ಎದ್ದರೂ ಮನೆ ಹಿಂದೆ ಇನ್ನೂ ಒಂದು ಎಮ್ಮೆ ಕಟ್ಟಿದ್ದಾರೆ. ಡಬ್ಬ ಬಿಚ್ಚಿದ ಕೂಡಲೇ ಅವರ ಮುಖ ಕೆಟ್ಟಿತು.

"ಇಂಗೆ ಕರ್ರಗಿರೋದ್ನ ಅಬ್ಬದ ದಿನ ಪೂಜೆಗೆ ಇಕ್ಕಾಕಾಯ್ತದೇನ್ಲಾ? ಒಸ ಅಂಗ್ಡಿ ಅಂತೀಯ. ಬ್ಯಾರೆ ಬಣ್ಣದ್ದು ತಕ್ಕಂಬಾ ಓಗು."

ನನ್ನ ಪಿತ್ತ ನೆತ್ತಿಗೇರಿತು. ಮೂಢನಂಬಿಕೆ ಕಂಡರೆ ನನಗೆ ಆಗುವುದಿಲ್ಲ. ಅಂಗಳದಲ್ಲೇ ಶುರು ಮಾಡಿದೆ. ಬಣ್ಣಕ್ಕೆ ಶುಭ ಅಶುಭ ಕಟ್ಟಿದವರು ಯಾರು, ಅದರಿಂದ ಹೊಟ್ಟೆ ತುಂಬಿಸಿಕೊಂಡವರು ಯಾರು, ನಮ್ಮಂಥ ಮೈಬಣ್ಣದವರು ಎಷ್ಟು ತಲೆಮಾರು ಅವಮಾನ ತಿಂದೆವು, ಎಲ್ಲ ಹೇಳಿದೆ. ಎದುರು ಮನೆಯವರು ಕುಕ್ಕರ್ ಆರಿಸಿ ಬಂದು ನಿಂತರು. ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಕೊನೆಗೆ ಬ್ರಹ್ಮಾಸ್ತ್ರ ಬಿಟ್ಟೆ.

"ಅಮ್ಮಾ, ನಿಮ್ಮ ಎಮ್ಮೆ ಯಾವ ಬಣ್ಣ? ದಿನಾ ಬೆಳಗ್ಗೆ ಅದರ ಮುಖ ನೋಡಲ್ವಾ? ಅದಕ್ಕೆ ಪೂಜೆ ಮಾಡಲ್ವಾ?"

ಎದುರು ಮನೆಯವರು ತಲೆದೂಗಿದರು. ಗೆದ್ದೆ ಅಂದುಕೊಂಡೆ.

ಅಮ್ಮ ತಲೆ ಎತ್ತದೆ ಹೇಳಿದರು: "ಎಮ್ಮೆ ಆಲು ಕೊಡ್ತದೆ. ಇದೇನ್ ಕೊಡ್ತದೆ?"

ಮಧ್ಯಾಹ್ನವೇ ಬೋರ್ಡ್ ಹಿಡಿದು ಆರ್.ಟಿ. ನಗರದ ಬಸ್ಸಿನಲ್ಲಿದ್ದೆ.

ಧರಣಿ

ಸಾಹೇಬರು ಬೇಸರ ಮಾಡಿಕೊಳ್ಳಲಿಲ್ಲ. ಒಳಗೆಲ್ಲೋ ಹುಡುಕಿ ಬಿಳಿ ಬೋರ್ಡ್ ಒಂದನ್ನು ತಂದರು. ಆಮೇಲೆ ಗಂಟಲು ಸರಿ ಮಾಡಿಕೊಂಡರು.

"ಭಾಯ್, ಒಂದು ಮಾತು. ಈ ಬೋರ್ಡ್ ಬಂದು ಬಹಳ ದಿನ ಆಯ್ತು. ನಿಮ್ಮ ಪ್ರೊಸೆಸರ್ ಹೊಸದು. ಇದಕ್ಕೆ ಅದರ ಗುರುತು ಸಿಗಲ್ಲ. ಮೊದಲು ಹಳೇ ಪ್ರೊಸೆಸರ್ ಹಾಕಿ, ಬೋರ್ಡ್‌ಗೆ ಅಪ್‌ಡೇಟ್ ಮಾಡಿ, ಆಮೇಲೆ ಹೊಸದು ಹಾಕ್ಬೇಕು."

"ಹಳೇ ಪ್ರೊಸೆಸರ್ ನನ್ನ ಹತ್ರ ಎಲ್ಲಿದೆ?"

"ನನ್ನ ಹತ್ರಾನೂ ಇಲ್ಲ. ರಿಪೇರಿಯವ್ರ ಹತ್ರ ಇರುತ್ತೆ. ಅವ್ರು ಊರಿಗೆ ಹೋಗವ್ರೆ. ಹಬ್ಬ ಆದ್ಮೇಲೆ ಬನ್ನಿ."

ಹೊಸದು ಹಾಕಲು ಹಳೆಯದು ಬೇಕಂತೆ! ಈ ಕಾಗದ ಬೇಕಾದರೆ ಆ ಕಾಗದ ತಾ, ಆ ಕಾಗದ ಬೇಕಾದರೆ ಈ ಕಾಗದ ತಾ ಎಂದು ಸರ್ಕಾರಿ ಕಿಟಕಿಗಳಲ್ಲಿ ಕೇಳಿ ಕೇಳಿ ಬೆಂದವನು ನಾನು. ಅದೇ ರೋಗ ಯಂತ್ರಕ್ಕೂ ಬಂತಲ್ಲ! ಹಬ್ಬ ಆದ ಮೇಲೆ ಬಂದರೆ ಗೆಳೆಯ ದಾಸರಹಳ್ಳಿಯಲ್ಲಿ ಕೂದಲು ಅಂಟಿಸುತ್ತಿರುತ್ತಾನೆ.

"ಬೋರ್ಡ್ ಸರಿಯಾಗೋವರೆಗೂ ಏಳಲ್ಲ" ಎಂದು ಅಂಗಡಿಯ ಮೆಟ್ಟಿಲ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಒಬ್ಬರು ಬಂದು ನನ್ನ ಹಿಂದೆ ಕೂತರು. ಏನೂ ಕೇಳಲಿಲ್ಲ. ಇನ್ನೊಬ್ಬರು ಬಂದರು. ಮಗು ಎತ್ತಿಕೊಂಡ ಹೆಂಗಸೊಬ್ಬರು ಬಂದರು. ಸಾಲು ಪಕ್ಕದ ಬೇಕರಿ ದಾಟಿತು. ನನ್ನ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷ ಗಂಟಲು ಹರಿದುಕೊಂಡರೂ ನನ್ನ ಹಿಂದೆ ಐದು ಜನ ಕೂತಿರಲಿಲ್ಲ. ಈ ಊರು ಸತ್ತಿಲ್ಲ ಎಂದುಕೊಂಡು ಎದ್ದು ನಿಂತೆ.

"ಗ್ರಾಹಕ ಬಂಧುಗಳೇ! ಇವತ್ತು ನೀವು ತೋರಿಸಿದ ಈ ಒಗ್ಗಟ್ಟು..."

ಹಿಂದಿನಿಂದ ಒಬ್ಬ ಕೂಗಿದ: "ಗುರು, ಒಗ್ಗಟ್ಟು ಆಮೇಲೆ. ಡಿಸ್ಕೌಂಟ್ ಟೋಕನ್ ಎಷ್ಟೊತ್ತಿಗೆ ಕೊಡ್ತಾರೆ ಕೇಳು!"

ಸಾಲು ನೋಡಿ ಸಾಹೇಬರು ಹೊರಗೆ ಬಂದರು. ಹಬ್ಬದ ಮುಂಚೆ ಅಂಗಡಿ ಅಷ್ಟು ತುಂಬಿದ್ದನ್ನು ಅವರು ನೋಡಿರಲಿಲ್ಲವಂತೆ. ತಮ್ಮ ಬಿಲ್ಲಿಂಗ್ ಕಂಪ್ಯೂಟರನ್ನೇ ಬಿಚ್ಚಿ, ಅದರ ಹಳೇ ಪ್ರೊಸೆಸರ್ ತೆಗೆದು ನಮ್ಮ ಬೋರ್ಡಿಗೆ ಹಾಕಿ, ಅಪ್‌ಡೇಟ್ ಮುಗಿಸಿಕೊಟ್ಟರು. ಹೊರಡುವಾಗ ನನ್ನ ಕೈ ಹಿಡಿದುಕೊಂಡರು.

"ಭಾಯ್, ನಾಳೆನೂ ಸ್ವಲ್ಪ ಹೊತ್ತು ಬಂದು ಕೂತ್ಕೋತೀರಾ?"

ಹೊತ್ತು ತಂದ ಗಾಡಿ

ಮನೆ ಹತ್ತಿರವೇ ಗೆಳೆಯ ಬಾಡಿಗೆಗೆ ಹಿಡಿದಿದ್ದ ಹೊಸ ಅಂಗಡಿಯಲ್ಲಿ ಕೂತು ಜೋಡಿಸಿದೆ. ಸ್ಕ್ರೂ ಬಿಗಿದೆ. ಹಳೇ ಡಿಸ್ಕ್ ಸಿಕ್ಕಿಸಿದೆ. ಇನ್ನೇನು ಸ್ವಿಚ್ ಒತ್ತಬೇಕು, ಅಮ್ಮ ಕೈ ಹಿಡಿದರು.

"ಪೂಜೆ ಆಗ್ದೆ ಇರೋ ಗಾಡಿ ಓಡುಸ್ತಾರೇನಪ್ಪಾ?"

"ಅಮ್ಮಾ, ಆನ್ ಆಗುತ್ತೋ ಇಲ್ವೋ ನೋಡ್ಬೇಕು. ನಾಳೆ ನಿಮ್ಮ ಅಳಿಯಂದಿರು ಬರ್ತಾರೆ. ಗಾಡಿನಾದ್ರೂ ಶೋರೂಮಿಂದ ಮನೆವರೆಗೂ ಓಡಿಸ್ಕೊಂಡೇ ತರ್ತಾರಲ್ಲಾ?"

"ನೀನೇನ್ ಓಡುಸ್ಕಂಡ್ ತಂದ್ಯಾ? ಬಸ್ಸಲ್ಲಿ ಒತ್ಕಂಡ್ ಬಂದೆ ತಾನೆ?"

ಗೆಳೆಯ ಅವತ್ತು ಊಟ ಮಾಡಲಿಲ್ಲ. ನಾನೂ ನೆಟ್ಟಗೆ ಕೂರಲಾಗದೆ ಕೋಗಿಲು ಕ್ರಾಸ್‌ವರೆಗೆ ನಡೆದು, ಬೀದಿದೀಪ ಉರಿಯದ್ದಕ್ಕೆ ಯಾರಿಗೋ ಬೈದು ಬಂದೆ.

ಆಯುಧಪೂಜೆ

ಬೆಳಗ್ಗೆ ಅಮ್ಮ ಹೊಸ ಷರತ್ತು ತಂದರು. ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆಯಬೇಕು.

"ಲಾರಿಗೆ ಬಾನೆಟ್ ಎತ್ತಿ ತಾನೆ ಪೂಜೆ ಮಾಡಾದು? ಬರೀ ಡಬ್ಬಕ್ಕೆ ಊವ ಇಕ್ಕಿದ್ರೆ ಒಳಗಿರೋದು ಏನ್ ಅಂದ್ಕತ್ತದೆ?"

ವಾದ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಮುಚ್ಚಳ ತೆಗೆದೆ. "ಒಳಗೆ ನೀರು ಹಾಕಂಗಿಲ್ಲ, ಕುಂಕುಮ ಇಡಂಗಿಲ್ಲ, ಅಕ್ಷತೆ ಎರಚಂಗಿಲ್ಲ" ಎಂದು ಮಾತು ತೆಗೆದುಕೊಂಡೆ. ಅಮ್ಮ ಮಾತು ಕೊಟ್ಟರು.

ಅಷ್ಟರಲ್ಲಿ ಹೊರಗೆ ದಢ್ ಎಂದು ಸದ್ದಾಯಿತು. ಪಕ್ಕದ ಟೈರ್ ಅಂಗಡಿಯವರು ನಡುರಸ್ತೆಯಲ್ಲಿ ಬೂದುಗುಂಬಳಕಾಯಿ ಒಡೆದಿದ್ದರು. ಪ್ರತಿ ವರ್ಷ ಅದರ ಮೇಲೆ ಬೈಕುಗಳು ಜಾರಿ ಜನ ಬೀಳುತ್ತಾರೆ. ನಾನು ಓಡಿದೆ. ಕುಂಬಳಕಾಯಿಯ ಅರ್ಧ ಹೋಳು ಕೈಯಲ್ಲಿ ಹಿಡಿದು, "ನಿಮ್ಮ ದೃಷ್ಟಿ ತೆಗೆಯೋಕೆ ಊರವರ ಮಂಡಿ ಮುರೀಬೇಕೇನ್ರೀ?" ಎಂದು ಕೇಳುತ್ತಿದ್ದಾಗಲೇ ಗೆಳೆಯನ ಅಂಗಡಿಯಿಂದ ಕೂಗು ಬಂತು.

"ಬೆಂಕಿ! ಕಂಪ್ಯೂಟರ್‌ಗೆ ಬೆಂಕಿ!"

ಭಾವ ಬಂದಿದ್ದ. ನಾನು ಒಳಗೆ ನುಗ್ಗುವಷ್ಟರಲ್ಲಿ ಅವನು ಇಡೀ ಕಟ್ಟಡದ ಮೇನ್ ಸ್ವಿಚ್ ಇಳಿಸಿಯಾಗಿತ್ತು. ಪಕ್ಕದ ಹಿಟ್ಟಿನ ಗಿರಣಿ ಗರ್ ಎಂದು ನಿಂತಿತು, ಮಹಡಿಯಿಂದ ಯಾರೋ ಬೈದರು. ಕಂಪ್ಯೂಟರಿನ ಹೊಟ್ಟೆಯಿಂದ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಭಾವ ಪೂಜೆಯ ಬಿಂದಿಗೆ ಎತ್ತಿ ಹಿಡಿದಿದ್ದ. ಗೆಳೆಯ ಪೆಟ್ಟಿಗೆಗೆ ಅಡ್ಡವಾಗಿ ಎರಡೂ ಕೈ ಅಗಲಿಸಿ ನಿಂತಿದ್ದ.

"ಭಾವಾ, ಹಾಕ್ಬೇಡಿ! ನನ್ನ ಮೇಲೆ ಬೇಕಾದ್ರೆ ಸುರೀರಿ!"

"ಬಿಡೋ! ಸತ್ತಿರೋದನ್ನ ಇನ್ನೇನು ಕಾಪಾಡ್ತೀಯ? ನಾಳೆಯಿಂದ ನಮ್ಮ ಅಂಗಡಿಗೇ ಬಾ!"

ನಾನು ಭಾವನ ಕೈಯಿಂದ ಬಿಂದಿಗೆ ಕಿತ್ತುಕೊಂಡು ಒಳಗೆ ಇಣುಕಿದೆ. ಮುಂದೆ ಬೇಕಾದೀತು ಎಂದು ರ‍್ಯಾಮ್ ಸಿಕ್ಕಿಸಲು ನಾಲ್ಕು ಸೀಳಿರುವ ಬೋರ್ಡನ್ನೇ ಎರಡು ಸಲವೂ ಕೇಳಿ ತಂದಿದ್ದೆ. ಎರಡರಲ್ಲಿ ರ‍್ಯಾಮ್ ಇತ್ತು. ಖಾಲಿ ಇದ್ದ ಎರಡರಲ್ಲಿ, ನೆಟ್ಟಗೆ, ಅಚ್ಚುಕಟ್ಟಾಗಿ, ಎರಡು ಊದುಬತ್ತಿ ಉರಿಯುತ್ತಿದ್ದವು.

"ಅಮ್ಮಾ! ಏನಿದು?"

ಬೆಂಕಿಪೊಟ್ಟಣ ಹಿಡಿದೇ ನಿಂತಿದ್ದ ಅಮ್ಮನಿಗೆ ಸಿಟ್ಟು ಬಂತು. "ನೀರು ಆಕ್ಬ್ಯಾಡ ಅಂದೆ, ಆಕ್ಲಿಲ್ಲ. ಕುಂಕುಮ ಇಕ್ಬ್ಯಾಡ ಅಂದೆ, ಇಕ್ಲಿಲ್ಲ. ಊದ್ಬತ್ತಿ ಬ್ಯಾಡ ಅಂದ್ಯಾ? ಎರಡು ಸಂದು ಖಾಲಿ ಬಿಟ್ಟವ್ರೆ, ಬತ್ತಿಗೇ ಮಾಡವ್ರೆ ಅಂದ್ಕಂಡೆ. ಎಷ್ಟು ಸಲೀಸಾಗಿ ಕೂತ್ಕತು ಗೊತ್ತಾ?"

ಊದುಬತ್ತಿ ಕಿತ್ತೆ. ಪೇಂಟಿಂಗ್ ಬ್ರಷ್ಷಿನಿಂದ ಬೂದಿ ಗುಡಿಸಿದೆ. ಮೇನ್ ಸ್ವಿಚ್ ಎತ್ತಿಸಿದೆ. ಗೆಳೆಯ ಕಣ್ಣು ಮುಚ್ಚಿ ಬಟನ್ ಒತ್ತಿದ. ಫ್ಯಾನ್ ತಿರುಗಿತು. ಪರದೆ ಕತ್ತಲು. ಕತ್ತಲು. ಭಾವ ಗಂಟಲು ಕೆರೆದುಕೊಂಡ. ಆಮೇಲೆ ಪರದೆಯ ತುಂಬ ಬೆಳಕು ಬಂತು. ಗೆಳೆಯ ಮೌಸ್ ಹಿಡಿದ. ಮದುಮಗಳೊಬ್ಬಳು ನಗುತ್ತಾ ಮದುಮಗನ ತಲೆಯ ಮೇಲೆ ಅಕ್ಕಿ ಸುರಿದಳು.

ಭಾವ ಆ ಮದುವೆಯನ್ನು ಆರತಿವರೆಗೂ ನಿಂತೇ ನೋಡಿದ. ಕೊನೆಗೆ ಗೆಳೆಯನ ಬೆನ್ನು ತಟ್ಟಿ, "ಓಡ್ತು ಬಿಡಪ್ಪ. ನೀನು ಇಲ್ಲೇ ಇರು" ಎಂದ. ಗೆಳೆಯ ಅತ್ತೇಬಿಟ್ಟ. ಅಮ್ಮ ಎಲ್ಲವೂ ಊದುಬತ್ತಿಯ ಮಹಿಮೆ ಎನ್ನುವಂತೆ ನನ್ನ ಕಡೆ ನೋಡಿದರು. ಒಂದು ಭಾಷಣ ಬಾಯಿವರೆಗೆ ಬಂತು, ನುಂಗಿಕೊಂಡೆ.

ಹೊರಡುವಾಗ ಭಾವ ನನ್ನನ್ನು ಪಕ್ಕಕ್ಕೆ ಕರೆದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ನಮ್ಮ ಅಂಗಡಿಗೂ ಒಂದು ಕಂಪ್ಯೂಟರ್ ಜೋಡಿಸಿಕೊಡಿ. ಇದೇ ಬೋರ್ಡ್ ಇರ್ಲಿ. ಆದ್ರೆ ನಮ್ಮನೆಯವಳು ದಿನಾ ಐದು ಊದುಬತ್ತಿ ಹಚ್ತಾಳೆ. ಐದು ಸಂದಿಂದು ಸಿಗುತ್ತಾ ನೋಡಿ."